ಹಳೆಯ ಬಂದೂಕಿಗೆ ಬೆಲೆ ಕಟ್ಟುವುದು ಹೇಗೆ?



ಅಥಣಿ ಕಡೆಯ ಕಾಲೇಜು ವಿದ್ಯಾರ್ಥಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಕಳಿಸಿದ್ದರು. ಅದರ ಸಾರಾಂಶ ಇಷ್ಟು: “ನಮ್ಮ ಮುತ್ಯಾ ತೀರಿಕೊಂಡು ವರ್ಷವಾಯಿತು. ಹೊಲ ಕಾಯುವುದಕ್ಕೆ ಇಟ್ಟುಕೊಂಡಿದ್ದ ಅವರ ಜೋಡಿ ನಳಿಗೆಯ ಬಂದೂಕು ಅಟ್ಟದ ಮೇಲಿದೆ. ಮಾರಿದರೆ ಎಷ್ಟು ಬಂದೀತು? ನಳಿಗೆ ಕತ್ತರಿಸಿ ಗಿಡ್ಡ ಮಾಡಿಸಿದರೆ ಹೆಚ್ಚು ಬೆಲೆ ಬರುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇದು ನಿಜವೇ?”

ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರೊಳಗೆ ಭೌತಶಾಸ್ತ್ರವಿದೆ, ಅರ್ಥಶಾಸ್ತ್ರವಿದೆ, ಕಾನೂನಿದೆ. ಜೊತೆಗೆ ಒಂದು ಕುಟುಂಬದ ನೆಮ್ಮದಿಯೂ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ತೋಟಪಟ್ಟಿಯ ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಇರುವುದು ಹೊಸ ಸಂಗತಿಯಲ್ಲ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಎತ್ತಿನ ಹಲ್ಲು, ಬಂದೂಕಿನ ನಳಿಗೆ

ಹಳೆಯ ವಸ್ತುವಿಗೆ ಬೆಲೆ ಕಟ್ಟುವುದು ನಮ್ಮ ರೈತರಿಗೆ ಗೊತ್ತಿರದ ವಿದ್ಯೆಯೇನಲ್ಲ. ದನದ ಜಾತ್ರೆಗೆ ಹೋಗಿ ನೋಡಿ. ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ನಡೆಸಿ ನೋಡುತ್ತಾನೆ. ಗೊರಸು, ಹೆಗಲು, ಸುಳಿ ನೋಡುತ್ತಾನೆ. ಆಮೇಲೆ ದಲಾಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಇಲ್ಲಿ ಮೂರು ಅಂಶಗಳಿವೆ. ಒಂದು, ವಸ್ತುವಿನ ಸ್ಥಿತಿ. ಎರಡು, ಅದರ ತಳಿ. ಮೂರು, ಆ ದಿನ ಸಂತೆಯಲ್ಲಿ ಕೊಳ್ಳುವವರು ಎಷ್ಟು ಮಂದಿ ಎಂಬುದು.

ಬಂದೂಕಿಗೂ ಈ ಮೂರು ಅಂಶಗಳು ಅನ್ವಯಿಸುತ್ತವೆ. ಆದರೆ ಅದಕ್ಕೆ ನಾಲ್ಕನೆಯ ಅಂಶ ಒಂದು ಹೆಚ್ಚಾಗಿ ಇದೆ. ಅದು ಕಾಗದ, ಅಂದರೆ ಪರವಾನಗಿ. ಮೊದಲಿನ ಮೂರರಲ್ಲಿ ಯಾವುದು ಕಡಿಮೆಯಾದರೂ ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೆ. ನಾಲ್ಕನೆಯದು ಇಲ್ಲದಿದ್ದರೆ ಬೆಲೆಯೇ ಇಲ್ಲ. ಇದು ಈ ಲೇಖನದ ಮುಖ್ಯ ಮಾತು.

ಮೊದಲನೆಯದು: ಸ್ಥಿತಿ

ಹೊಲ ಕಾಯಲು ಬಳಸುವ ಬಂದೂಕು ಸಾಮಾನ್ಯವಾಗಿ ‘12 ಬೋರಿನದು’. ಈ 12 ಎಂಬುದು ಏನು? ಅದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂಬ ಹಳೆಯ ಅಳತೆ ಅದು. ನೀವೇ ಲೆಕ್ಕ ಹಾಕಬಹುದು. ಒಂದು ಪೌಂಡ್ ಎಂದರೆ ಸುಮಾರು 453.6 ಗ್ರಾಂ. ಹನ್ನೆರಡರಿಂದ ಭಾಗಿಸಿದರೆ ಒಂದು ಗುಂಡಿನ ತೂಕ 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಹಾಗಾದರೆ ಗುಂಡಿನ ಗಾತ್ರ 3.33 ಘನ ಸೆಂಟಿಮೀಟರು. ಗೋಳದ ಸೂತ್ರ ಹಾಕಿದರೆ ವ್ಯಾಸ ಸುಮಾರು 18.5 ಮಿಲಿಮೀಟರು ಬರುತ್ತದೆ. 16 ಬೋರ್ ಎಂದರೆ ಇದಕ್ಕಿಂತ ಸಣ್ಣ ನಳಿಗೆ. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದಾಗುತ್ತದೆ ಎಂಬುದನ್ನು ಗಮನಿಸಿ.

ತೋಟಾ ಹಾರಿದಾಗ ಈ ನಳಿಗೆಯ ಹಿಂಭಾಗದಲ್ಲಿ ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟಿನವರೆಗೆ ಒತ್ತಡ ಉಂಟಾಗಬಹುದು. ಅದನ್ನು ತಡೆಯುವುದು ಕೆಲವೇ ಮಿಲಿಮೀಟರ್ ದಪ್ಪದ ಉಕ್ಕು. ಆದ್ದರಿಂದ ಬೆಲೆ ಕಟ್ಟುವ ಪರಿಣತ ವ್ಯಾಪಾರಿ ಹೊರಗಿನ ಹೊಳಪಿಗಿಂತ ಮೊದಲು ನಳಿಗೆಯ ಒಳಗನ್ನು ನೋಡುತ್ತಾನೆ. ಬಂದೂಕು ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬಿಚ್ಚಿ, ಬೆಳಕಿಗೆ ಹಿಡಿಯುತ್ತಾನೆ. ಒಳಗೋಡೆ ನುಣುಪಾಗಿದ್ದರೆ ಬೆಳಕು ಒಂದರೊಳಗೊಂದು ದುಂಡನೆಯ ಬಳೆಗಳಂತೆ ಕಾಣುತ್ತದೆ. ನಗ್ಗು ಬಿದ್ದಿದ್ದರೆ ಬಳೆ ಅಲ್ಲಿ ಮುರಿಯುತ್ತದೆ. ತುಕ್ಕು ತಿಂದ ಗುಳಿಗಳಿದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಗುಳಿ ಬಿದ್ದ ಕಡೆ ಉಕ್ಕು ತೆಳುವಾಗಿದೆ ಎಂದೇ ಅರ್ಥ.

ಜೋಡಿ ನಳಿಗೆಯ ಬಂದೂಕಾದರೆ ಇನ್ನೊಂದು ಪರೀಕ್ಷೆ ಉಂಟು. ಬಿಚ್ಚಿದ ನಳಿಗೆಗಳನ್ನು ತೂಗುಹಾಕಿ ಮೆಲ್ಲಗೆ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಎರಡೂ ನಳಿಗೆಗಳನ್ನು ಕೂಡಿಸಿದ ಬೆಸುಗೆ ಬಿಟ್ಟಿದ್ದರೆ ಸದ್ದು ಬೊಕ್ಕೆನ್ನುತ್ತದೆ. ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡಿ ಕೊಳ್ಳುತ್ತೇವಲ್ಲ, ಅದೇ ತತ್ವ. ಆಮೇಲೆ ನಳಿಗೆ ಮತ್ತು ಹಿಂಭಾಗ ಕೂಡುವ ಕೀಲು ಸಡಿಲಾಗಿದೆಯೇ, ಮರದ ಹಿಡಿ ಸೀಳಿದೆಯೇ, ಕುದುರೆ ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಇವೆಲ್ಲ ಪರಿಣತರು ಮಾಡಬೇಕಾದ ಕೆಲಸ. ಮನೆಯಲ್ಲಿ ಕುತೂಹಲಕ್ಕೆ ಮಾಡಿ ನೋಡುವಂಥದ್ದಲ್ಲ.

ಒಂದು ವಿಷಯ ವಿಶೇಷವಾಗಿ ಹೇಳಬೇಕು. ಬಂದೂಕು ಕಾರ್ಖಾನೆಯಿಂದ ಹೊರಬೀಳುವ ಮೊದಲು ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷಿಸುತ್ತಾರೆ. ಪಾಸಾದರೆ ನಳಿಗೆಯ ಮೇಲೆ ಮುದ್ರೆ ಒತ್ತುತ್ತಾರೆ. ಇದಕ್ಕೆ ‘ಪ್ರೂಫ್’ ಮುದ್ರೆ ಎನ್ನುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಇದಕ್ಕಾಗಿಯೇ 1813ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದಿದೆ. ತೀರ ಹಳೆಯ ಬಂದೂಕುಗಳಲ್ಲಿ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಮುದ್ರೆ ಇರುತ್ತದೆ. ಅಂಥದರಲ್ಲಿ ಈಗಿನ ಹೊಗೆರಹಿತ ಮದ್ದಿನ ತೋಟಾ ಹಾಕಿದರೆ ನಳಿಗೆ ಸಿಡಿದು ಕೈ ಹೋಗುವ ಅಪಾಯವಿದೆ. ನೋಡಲು ಎಷ್ಟೇ ಚೆಂದವಿದ್ದರೂ ಬಳಕೆಗೆ ಬಾರದ ಇಂಥ ಬಂದೂಕಿಗೆ ಬಳಕೆಯ ಬೆಲೆ ಸಿಗುವುದಿಲ್ಲ.

ಎರಡನೆಯದು: ತಳಿ

ತಳಿ ಎಂದರೆ ಯಾರು ತಯಾರಿಸಿದ್ದು, ಎಲ್ಲಿ ತಯಾರಾದದ್ದು ಎಂಬುದು. ನಮ್ಮ ದೇಶದಲ್ಲಿ ಸರ್ಕಾರಿ ಆಯುಧ ಕಾರ್ಖಾನೆಗಳು ನಾಗರಿಕರಿಗೂ ಬಂದೂಕು, ರಿವಾಲ್ವರ್ ತಯಾರಿಸುತ್ತ ಬಂದಿವೆ. 2021ರಲ್ಲಿ ಈ ಕಾರ್ಖಾನೆಗಳನ್ನು 7 ಸರ್ಕಾರಿ ಕಂಪನಿಗಳಾಗಿ ವಿಂಗಡಿಸಲಾಯಿತು. ಬಿಹಾರದ ಮುಂಗೇರ್, ಜಮ್ಮು ಮುಂತಾದ ಕಡೆ ಪರವಾನಗಿ ಪಡೆದ ಖಾಸಗಿ ತಯಾರಕರಿದ್ದಾರೆ. ಇವಲ್ಲದೆ ಬ್ರಿಟಿಷರ ಕಾಲದಿಂದ ಬಂದ ವೆಬ್ಲಿ ಅಂಡ್ ಸ್ಕಾಟ್ ಮೊದಲಾದ ಇಂಗ್ಲಿಷ್ ಕಂಪನಿಗಳ ಬಂದೂಕುಗಳು ಹಳೆಯ ಮನೆತನಗಳಲ್ಲಿವೆ.

ಇಲ್ಲೊಂದು ಅರ್ಥಶಾಸ್ತ್ರದ ಪಾಠವಿದೆ. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳುವುದಕ್ಕೆ ಸರ್ಕಾರ ತಡೆ ಹಾಕಿತು. ಹೊಸ ಸರಕು ಬರುವುದು ನಿಂತಿತು. ಬೇಡಿಕೆ ನಿಲ್ಲಲಿಲ್ಲ. ಫಲವಾಗಿ ಇಂಗ್ಲೆಂಡಿನಲ್ಲಿ ಮಾಮೂಲಿ ಎನಿಸಿಕೊಂಡ ಹಳೆಯ ಬಂದೂಕಿಗೆ ಇಲ್ಲಿ ಹೊಸದನ್ನೂ ಮೀರಿದ ಬೆಲೆ ಬಂತು. ಸವಕಳಿಯ ಸಾಮಾನ್ಯ ನಿಯಮದಂತೆ ಹಳೆಯ ಪಂಪ್‌ಸೆಟ್ಟು, ಹಳೆಯ ಟ್ರ್ಯಾಕ್ಟರು ವರ್ಷದಿಂದ ವರ್ಷಕ್ಕೆ ಅಗ್ಗವಾಗಬೇಕು. ಕೊರತೆ ಎದುರಾದಾಗ ಆ ನಿಯಮವೇ ತಿರುಗಿ ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲೇ ಖಾಸಗಿ ಕಂಪನಿಗಳು ತಯಾರಿಕೆಗೆ ಇಳಿದಿರುವುದರಿಂದ ಈ ಕೊರತೆಯ ಬಿಗಿ ಸಡಿಲವಾಗುವ ಸಾಧ್ಯತೆಯೂ ಇದೆ.

ಮೂರನೆಯದು: ಕೊಳ್ಳುವವರು

ಟ್ರ್ಯಾಕ್ಟರನ್ನು ಹಣವಿರುವ ಯಾರು ಬೇಕಾದರೂ ಕೊಳ್ಳಬಹುದು. ಬಂದೂಕನ್ನು ಹಾಗಲ್ಲ. ಪರವಾನಗಿ ಇದ್ದವರೇ ಕೊಳ್ಳಬೇಕು. ಅವರ ಪರವಾನಗಿಯಲ್ಲಿ ಯಾವ ಬಗೆಯ ಬಂದೂಕು ಎಂದು ನಮೂದಾಗಿದೆಯೋ ಅದನ್ನೇ ಕೊಳ್ಳಬೇಕು. ಆದ್ದರಿಂದ ಈ ಸಂತೆ ಬಹಳ ಚಿಕ್ಕದು. ಪರವಾನಗಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಅದರಲ್ಲೇ ಬರೆದಿರುತ್ತದೆ. ಕಾಗವಾಡದಿಂದ ಮಿರಜ್, ನಿಪ್ಪಾಣಿಯಿಂದ ಕೊಲ್ಹಾಪುರ ಹತ್ತಿರವೇ ಇರಬಹುದು. ಬೀಗರ ಮನೆ, ಸಂತೆ, ಆಸ್ಪತ್ರೆ ಎಂದು ನಮ್ಮ ಜನ ದಿನವೂ ಗಡಿ ದಾಟುತ್ತಾರೆ. ಆದರೆ ಕರ್ನಾಟಕಕ್ಕೆ ಮಾತ್ರ ಸಲ್ಲುವ ಪರವಾನಗಿಯ ಬಂದೂಕು ಹಾಗೆ ಗಡಿ ದಾಟುವಂತಿಲ್ಲ.

ಕಾನೂನು ಬದಲಾದರೆ ಸಂತೆಯೂ ಬದಲಾಗುತ್ತದೆ. ಮೊದಲು ಒಬ್ಬರು 3 ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಆ ಮಿತಿಯನ್ನು 2ಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದವುಗಳಿಗೂ ಇದೇ ಮಿತಿ. ಮೂರು ಇದ್ದವರು ಒಂದನ್ನು ಒಂದು ವರ್ಷದೊಳಗೆ ಬಿಟ್ಟುಕೊಡಬೇಕಾಯಿತು. ಮಾರಲೇಬೇಕಾದವರು ಹೆಚ್ಚಿ, ಕೊಳ್ಳಬಲ್ಲವರು ಕಡಿಮೆಯಾದರೆ ಬೆಲೆ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ನಿಮ್ಮ ಅರ್ಥಶಾಸ್ತ್ರದ ಪುಸ್ತಕವೇ ಹೇಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಇವು ನಿಜವಾದ ದರಗಳಲ್ಲ, ತಿಳಿವಳಿಕೆಗಾಗಿ ಇಟ್ಟುಕೊಂಡ ಅಂಕಿಗಳು. ಹೊಸ ಜೋಡಿ ನಳಿಗೆಯ ಬಂದೂಕಿಗೆ ಬೆಲೆ 100 ಎಂದು ಇಟ್ಟುಕೊಳ್ಳಿ. ಚೆನ್ನಾಗಿ ನೋಡಿಕೊಂಡ ಹಳೆಯದು 60 ಆಗಬಹುದು. ನಳಿಗೆಯೊಳಗೆ ಗುಳಿ ಬಿದ್ದಿದ್ದರೆ 30ಕ್ಕೆ ಇಳಿಯಬಹುದು. ಹೆಸರಾಂತ ವಿದೇಶಿ ತಯಾರಕರದಾಗಿದ್ದು ಸುಸ್ಥಿತಿಯಲ್ಲಿದ್ದರೆ 100ನ್ನೂ ದಾಟಬಹುದು. ಇವೆಲ್ಲ ಕೂಡು-ಕಳೆ ಲೆಕ್ಕ. ಇನ್ನು ನಾಲ್ಕನೆಯ ಅಂಶಕ್ಕೆ ಬರೋಣ. ಅದು ಗುಣಾಕಾರದ ಲೆಕ್ಕ. ಕಾಗದ ಸರಿಯಿದ್ದರೆ ಒಂದರಿಂದ ಗುಣಿಸಿ, ಇಲ್ಲದಿದ್ದರೆ ಸೊನ್ನೆಯಿಂದ ಗುಣಿಸಿ.

ನಾಲ್ಕನೆಯದು: ಕಾಗದ

ಆಯುಧಕ್ಕೆ ಕಾಗದ ಬೇಕೆಂಬ ಮಾತು ನಮ್ಮ ಸೀಮೆಗೆ ಮೊದಲು ಬಂದದ್ದು ಕಹಿ ನೆನಪಿನೊಂದಿಗೆ. ಬ್ರಿಟಿಷರು 1857ರಲ್ಲಿ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದರು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿ ಗ್ರಾಮದ ಬೇಡರು ಇದಕ್ಕೆ ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಊರಿನ ಮೇಲೆ ಬಿತ್ತು. ಅನೇಕರು ಹತರಾದರು, ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಬೇಡರ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಇಂದಿಗೂ ಉಳಿದಿದೆ. ಹಲಗಲಿಯ ಬೇಡರು ಆಯುಧಕ್ಕೆ ಕಟ್ಟಿದ ಬೆಲೆ ಹಣದ್ದಲ್ಲ, ಮಾನದ್ದು.

ಸ್ವಾತಂತ್ರ್ಯಾನಂತರ ನಮ್ಮದೇ ಸಂಸತ್ತು 1959ರ ಆಯುಧ ಕಾಯಿದೆಯನ್ನು ಮಾಡಿತು. ಈಗಿನ ನಿಯಮಾವಳಿ 2016ರದು. ಅಂದಿನ ಕಾಯಿದೆ ಜನರನ್ನು ಆಳುವುದಕ್ಕಾಗಿ ಇತ್ತು. ಇಂದಿನದರ ಉದ್ದೇಶ ಪ್ರತಿಯೊಂದು ಬಂದೂಕಿಗೂ ಒಬ್ಬ ಜವಾಬುದಾರ ಇರಬೇಕು ಎಂಬುದು. ಬೆಳೆ ರಕ್ಷಣೆಯ ಅಗತ್ಯವನ್ನು ಕಾಯಿದೆ ಮರೆತಿಲ್ಲ. ಪ್ರಾಮಾಣಿಕ ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕಿಗೆ ಪರವಾನಗಿ ಕೊಡುವ ಬಗ್ಗೆ ಅದರ 13ನೆಯ ಕಲಮಿನಲ್ಲೇ ಹೇಳಿದೆ. ಆದರೆ ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆಯಲು ಪರವಾನಗಿ ಸಿಕ್ಕಂತಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯಿದೆಯಂತೆ ಬೇರೆ ಅನುಮತಿ ಬೇಕು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಹೌದು, ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ಅಲ್ಲಿಯ ಚರಿತ್ರೆಗೆ ಸಂಬಂಧಿಸಿದ ವಿಶೇಷ ವಿನಾಯಿತಿ. ಕೃಷ್ಣಾ ತೀರದ ನಮ್ಮ ರೈತರಿಗೆ ಅದು ಅನ್ವಯಿಸುವುದಿಲ್ಲ.

ಪರವಾನಗಿ ಇದ್ದವರು ತಮ್ಮ ಬಂದೂಕನ್ನು ಇನ್ನೊಬ್ಬ ಪರವಾನಗಿದಾರರಿಗೆ ಮಾರಬಹುದು. ಆದರೆ ಕೊಳ್ಳುವವರ ಹೆಸರು, ವಿಳಾಸಗಳನ್ನು ಬರೆದು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ತಿಳಿಸಬೇಕು. ಆಮೇಲೆ ಕನಿಷ್ಠ 45 ದಿನ ಕಾಯಬೇಕು. ಈ ಕಾಯುವಿಕೆ ಸುಮ್ಮನೆ ಇಟ್ಟದ್ದಲ್ಲ. ಕೊಳ್ಳುವವರು ಯಾರು, ತಕ್ಕವರೇ ಎಂದು ನೋಡಲು ಅಧಿಕಾರಿಗಳಿಗೆ ಸಮಯ ಬೇಕು. ಬಂದೂಕಿನ ಮೇಲಿನ ತಯಾರಕರ ಹೆಸರು, ಸಂಖ್ಯೆ ಅಳಿಸಿದ್ದರೆ ಮಾರುವಂತೆಯೇ ಇಲ್ಲ. ಮನುಷ್ಯನಿಗೆ ಹೆಸರಿದ್ದಂತೆ ಬಂದೂಕಿಗೆ ಸಂಖ್ಯೆ. ಅದು ಹೋದರೆ ಆ ಬಂದೂಕು ಅನಾಥ.

ಕತ್ತರಿಸಿದ ನಳಿಗೆಗೆ ಬೆಲೆ ಎಷ್ಟು?

ಈಗ ಪ್ರಶ್ನೆಯ ಎರಡನೆಯ ಭಾಗ. ನಳಿಗೆ ಗಿಡ್ಡ ಮಾಡಿಸಿದರೆ ಬೆಲೆ ಏರುತ್ತದೆಯೇ?

ಮೊದಲು ವಿಜ್ಞಾನ ನೋಡಿ. ಇಂಥ ಬಂದೂಕುಗಳಲ್ಲಿ ಅನೇಕವಕ್ಕೆ ನಳಿಗೆಯ ತುದಿ ಸ್ವಲ್ಪ ಕಿರಿದಾಗಿರುತ್ತದೆ. ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಇದನ್ನು ‘ಚೋಕ್’ ಎನ್ನುತ್ತಾರೆ. ತೋಟಾದೊಳಗಿನ ನೂರಾರು ಚರೆಗಳು ಬೇಗ ಚದುರದಂತೆ ಒಟ್ಟಾಗಿ ಹೋಗಲು ಇದು ನೆರವಾಗುತ್ತದೆ. ತುದಿ ಕತ್ತರಿಸಿದರೆ ಚೋಕ್ ಹೋಯಿತು. ಚರೆ ಹತ್ತಿರದಲ್ಲೇ ಚದುರಿ ಗುರಿ ಕೆಟ್ಟಿತು. ತೂಕದ ಸಮತೋಲ ತಪ್ಪಿತು, ಒದೆತ ಹೆಚ್ಚಿತು. ಹೊಲ ಕಾಯುವ ಕೆಲಸಕ್ಕೆ ಅದು ಮೊದಲಿಗಿಂತ ಕಳಪೆ ವಸ್ತು. ಕತ್ತರಿಸಿದ ಬಂದೂಕಿಗಿರುವ ಒಂದೇ ‘ಅನುಕೂಲ’ ಎಂದರೆ ಅದನ್ನು ಬಟ್ಟೆಯೊಳಗೆ ಬಚ್ಚಿಡಬಹುದು. ಬಚ್ಚಿಡಬೇಕಾದವರು ಯಾರು? ಅದಕ್ಕೆ ಹೆಚ್ಚು ಹಣ ಕೊಡುವವರು ಯಾತಕ್ಕಾಗಿ ಕೊಡುತ್ತಾರೆ? ಉತ್ತರ ನೀವೇ ಊಹಿಸಬಲ್ಲಿರಿ.

ಇನ್ನು ಕಾನೂನು. ಆಯುಧ ಕಾಯಿದೆಯ 6ನೆಯ ಕಲಮಿನಂತೆ ಅದಕ್ಕೆಂದೇ ಪಡೆದ ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು, ಆಟಿಕೆಯಂಥ ನಕಲಿ ಬಂದೂಕನ್ನು ನಿಜವಾದ ಬಂದೂಕಾಗಿ ಮಾರ್ಪಡಿಸುವುದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಸೆರೆವಾಸ. ಅದು ಜೀವಾವಧಿಯವರೆಗೂ ಹೋಗಬಹುದು. ಅಂದರೆ ಕತ್ತರಿಸಿದ ನಳಿಗೆಗೆ ಸಿಗುವ ಬೆಲೆಯನ್ನು ರೂಪಾಯಿಯಲ್ಲಿ ಅಲ್ಲ, ವರ್ಷಗಳಲ್ಲಿ ಎಣಿಸಬೇಕಾಗುತ್ತದೆ.

ಹಾಗಾದರೆ ಯಾವ ದುರಸ್ತಿಯನ್ನೂ ಮಾಡಿಸಬಾರದೇ? ಮಾಡಿಸಬಹುದು. ಸೀಳಿದ ಮರದ ಹಿಡಿ ಬದಲಿಸುವುದು, ಸವೆದ ಸ್ಪ್ರಿಂಗು ಹಾಕಿಸುವುದು, ಹೆಗಲಿಗೆ ತಾಗುವ ಕಡೆ ರಬ್ಬರ್ ಕೂಡಿಸುವುದು ಇವೆಲ್ಲ ರಿಪೇರಿ. ಪರವಾನಗಿ ಪಡೆದ ದುರಸ್ತಿಗಾರರಲ್ಲಿ ಮಾಡಿಸಬೇಕು, ಅಷ್ಟೆ. ಆದರೂ ಒಂದು ಮಾತು ತಿಳಿದಿರಲಿ. ಅಮೆರಿಕದಂಥ ದೇಶಗಳಲ್ಲಿ ಹಳೆಯ ಬಂದೂಕಿಗೆ ಬೆಲೆ ಕಟ್ಟುವಾಗ ಕಾರ್ಖಾನೆಯ ಮೂಲ ಮೆರುಗು ಶೇಕಡಾ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಚೆಂದ ಕಾಣಲೆಂದು ಹೊಸ ಬಣ್ಣ ಕೊಡಿಸಿದ ಪುರಾತನ ಬಂದೂಕಿಗೆ ಸಂಗ್ರಾಹಕರು ಕಡಿಮೆ ಹಣ ಕೊಡುತ್ತಾರೆ. ಹಳೆಯ ವಸ್ತುವಿನಲ್ಲಿ ಅವರು ಹುಡುಕುವುದು ಅದರ ಮೂಲ ರೂಪವನ್ನು. ಹೀಗೆ ಕಾನೂನು ಅಷ್ಟು ಬಿಗಿಯಾಗಿರದ ಕಡೆಗಳಲ್ಲೂ ಮಾರ್ಪಾಡು ಬೆಲೆಯನ್ನು ಏರಿಸುವುದಕ್ಕಿಂತ ಇಳಿಸುವುದೇ ಹೆಚ್ಚು.

ಅಟ್ಟದ ಮೇಲಿನ ಬಂದೂಕು

ಈಗ ಪ್ರಶ್ನೆ ಕೇಳಿದ ಮಿತ್ರರ ಮನೆಗೆ ಬರೋಣ. ಮುತ್ಯಾ ಇರುವವರೆಗೆ ಪರವಾನಗಿ ಅವರ ಹೆಸರಿನಲ್ಲಿತ್ತು. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಬಿಡಿಸಿ ತರುವುದು, ಅವಧಿ ತೀರಿದಾಗ ನವೀಕರಿಸುವುದು ಇವೆಲ್ಲವನ್ನೂ ಅವರು ಮಾಡಿರಬೇಕು. ಅವರು ತೀರಿಕೊಂಡ ದಿನ ಹೊಲ, ಮನೆಗಳ ಹಕ್ಕು ವಾರಸುದಾರರಿಗೆ ಬಂತು. ಬಂದೂಕಿನ ಪರವಾನಗಿ ಹಾಗೆ ಬರುವುದಿಲ್ಲ. ಅದು ವ್ಯಕ್ತಿಗೆ ಕೊಟ್ಟದ್ದು, ವ್ಯಕ್ತಿಯೊಂದಿಗೇ ಮುಗಿಯಿತು. ಆ ದಿನದಿಂದ ಅಟ್ಟದ ಮೇಲಿರುವುದು ಪರವಾನಗಿ ಇಲ್ಲದ ಬಂದೂಕು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ ಶಿಕ್ಷೆ ಎಂದು ಕಾಯಿದೆ ಹೇಳುತ್ತದೆ. ದುಃಖದ ಮನೆಯಲ್ಲಿ ಈ ವಿಷಯ ಯಾರಿಗೂ ಹೊಳೆಯುವುದಿಲ್ಲ. ಕೆಟ್ಟ ಉದ್ದೇಶವಿಲ್ಲದ ಕುಟುಂಬವೂ ಹೀಗೆ ತೊಂದರೆಗೆ ಸಿಲುಕುತ್ತದೆ.

ದಾರಿ ಇದೆ. ಕಾಯಿದೆಯ 21ನೆಯ ಕಲಮಿನಂತೆ ಅಂಥ ಬಂದೂಕನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಮನೆಯ ಹಿರಿಯರು ಮೊದಲು ಠಾಣೆಗೆ ತಿಳಿಸಿ, ಮರಣ ಪ್ರಮಾಣಪತ್ರ ಮತ್ತು ಹಳೆಯ ಪರವಾನಗಿ ಪುಸ್ತಕದೊಂದಿಗೆ ಅರ್ಜಿ ಕೊಟ್ಟು ಒಪ್ಪಿಸಿ, ರಸೀದಿ ಪಡೆಯಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಬಂದೂಕು ಸರ್ಕಾರದ ಪಾಲಾಗುವುದಿಲ್ಲ. ನಿಗದಿತ ಅವಧಿಯೊಳಗೆ ವಾರಸುದಾರರು ಎರಡರಲ್ಲಿ ಒಂದನ್ನು ಮಾಡಬಹುದು. ತಮ್ಮ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಪರವಾನಗಿ ಇರುವವರಿಗೆ ಮಾರಿ ಹಣ ಪಡೆಯಬಹುದು. ಆ ಅವಧಿ ಮೀರಿದರೆ ಮಾತ್ರ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ವಾರಸಾ ಪರವಾನಗಿಗೆ 2016ರ ನಿಯಮಾವಳಿಯಲ್ಲಿ ಅವಕಾಶವಿದೆ. ಅಷ್ಟೇ ಅಲ್ಲ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಾಗ, ಬದುಕಿರುವಾಗಲೇ ವಾರಸುದಾರರೊಬ್ಬರ ಹೆಸರನ್ನು ಸೂಚಿಸಬಹುದು. ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ಈ ವಿಷಯವನ್ನು ಅವರ ಕಿವಿಗೆ ಹಾಕಿ. ನೀವೇ ಅರ್ಜಿ ಹಾಕುವುದಾದರೆ 21 ವರ್ಷ ತುಂಬಿರಬೇಕು ಎಂಬುದನ್ನೂ ನೆನಪಿಡಿ.

ಇಷ್ಟಾದ ಮೇಲೆ ಬೆಲೆ ಕೇಳಿ. ವ್ಯಾಪಾರಿ ನಳಿಗೆಯನ್ನು ಬೆಳಕಿಗೆ ಹಿಡಿದು, ಮುದ್ರೆ ಓದಿ, ಸಂಖ್ಯೆಯನ್ನು ಪುಸ್ತಕದೊಂದಿಗೆ ತಾಳೆ ನೋಡಿ ಒಂದು ಬೆಲೆ ಹೇಳುತ್ತಾನೆ. ಅದು ಬಹುಶಃ ನೀವು ಎಣಿಸಿದ್ದಕ್ಕಿಂತ ಕಡಿಮೆಯೇ ಇರಬಹುದು. ದನದ ಜಾತ್ರೆಯಲ್ಲಿ ಬೆಲೆಯನ್ನು ಟವೆಲ್ಲಿನ ಮರೆಯಲ್ಲಿ ಹೇಳಿದರೂ ನಡೆಯುತ್ತದೆ. ಬಂದೂಕಿನ ಬೆಲೆಯನ್ನು ಮಾತ್ರ ಹಾಡುಹಗಲಲ್ಲಿ, ಕಾಗದದ ಮೇಲೆ, ಹೆಸರು ಹಾಕಿ ಹೇಳಬೇಕು. ಯಾರಾದರೂ ಅದನ್ನು ಮರೆಯಲ್ಲಿ ಹೇಳಲು ಬಂದರೆ, ಅದು ಎಷ್ಟೇ ದೊಡ್ಡ ಮೊತ್ತವಾಗಿರಲಿ, ಮುತ್ಯಾನ ಬಂದೂಕಿಗೆ ಆ ಬೆಲೆ ಬೇಡ.